ಅಪ್ಪನ ಪುಡಿಯಲ್ಲಿ ನಾನು ಬೆರೆಸಿದ್ದು

ಬೀರಪ್ಪನ ಮೂತ್ರದಲ್ಲಿ ಸಿಕ್ಕ ಮದ್ದು ಅವನಾಗಿ ನುಂಗಿದ್ದಲ್ಲ. ನಾನು ನುಂಗಿಸಿದ್ದು. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಬಿಡಲಿಲ್ಲ ಅಂದರೆ ಅದೂ ಪೂರ್ತಿ ನಿಜವಲ್ಲ. ಬಿಟ್ಟೆ — ಸುಳ್ಳು ಹೇಳುವುದಕ್ಕೆ ಮಾತ್ರ ಬಿಟ್ಟೆ.

ಬೀರಪ್ಪ ಮೋರಖಂಡಿಯವನು, ಕುರಿ ಕಾಯುವ ಮನೆತನ. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಊರೆಲ್ಲ ಕ್ರಿಕೆಟ್ ಆಡುತ್ತಿದ್ದ ಕಾಲದಲ್ಲಿ ಅವನಿಗೆ ಫುಟ್‌ಬಾಲಿನ ಹುಚ್ಚು ಹಿಡಿಯಿತು. ಚದುರಿದ ಕುರಿಗಳನ್ನು ತಿರುಗಿಸುವವನ ಹಾಗೆ ಮೈಯನ್ನು ಒಂದು ಕಡೆ ವಾಲಿಸಿ ಇನ್ನೊಂದು ಕಡೆ ಓಡುತ್ತಿದ್ದ. ಎದುರಾಳಿ ನಿಂತಲ್ಲೇ ಉಳಿಯುತ್ತಿದ್ದ. ಆಡುತ್ತಾಡುತ್ತಾ ಜಿಲ್ಲೆ ದಾಟಿದ, ರಾಜ್ಯದ ತಂಡಕ್ಕೆ ಹೋದ, ಕೊನೆಗೆ ಗೋವಾದ ಒಂದು ದೊಡ್ಡ ಕ್ಲಬ್ಬು ಅವನನ್ನು ಕರೆದುಕೊಂಡಿತು. ಅವನು ಮೊದಲ ಸಲ ಟಿವಿಯಲ್ಲಿ ಕಾಣಿಸಿಕೊಂಡ ದಿನ ಅವನ ಅವ್ವ ಪರದೆಯ ಹತ್ತಿರ ಹೋಗಿ ನಿಂತು, "ಎಷ್ಟ್ ಸಣ್ಣಾಗ್ಯಾನ ನೋಡ್ರಿ, ಹೊಟ್ಟಿಗಿ ಏನ್ ಹಾಕ್ತಾರೊ ಇಲ್ಲೊ" ಎಂದು ಅತ್ತಿದ್ದಳು. ನಾನೂ ಅಲ್ಲಿದ್ದೆ. ನನ್ನ ಗೆಳೆಯ ಎಂದು ಎಲ್ಲರಿಗೂ ಹೇಳಿಕೊಂಡಿದ್ದೆ.

ಇನ್ನು ನನ್ನ ಅಪ್ಪ. ಬಸವಕಲ್ಯಾಣದಲ್ಲಿ ನಾಗಪ್ಪ ಕಾಕಾ ಅಂದರೆ ಮೊಣಕಾಲು ನೋವಿನ ಪುಡಿ ಕೊಡುವವರು ಎಂದೇ ಅರ್ಥ. ಬೇರು ತಂದು, ಒಣಗಿಸಿ, ಕುಟ್ಟಿ ಇಡುತ್ತಿದ್ದರು. ಅದನ್ನು ಸೋಸಿ ಪೊಟ್ಟಣ ಕಟ್ಟುವ ಕೆಲಸ ನನ್ನದು. ಹುಮನಾಬಾದಿನ ಒಂದು ಮೆಡಿಕಲ್ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕ್ರಮೇಣ ಅಪ್ಪನ ಹತ್ತಿರ ಬರುವ ಜನ ಕಡಿಮೆಯಾದರು. ಅಪ್ಪ ಮಾತ್ರ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಸಂಜೆ ನಾನು ಬಂದಾಗ "ಇವತ್ತ್ ಬಿಸಲ ಭಾಳ ಇತ್ತು, ಮಂದಿ ಹ್ಯಾಂಗ ಬರಬೇಕು" ಎನ್ನುತ್ತಿದ್ದರು. ಅದನ್ನು ನೋಡಲಾಗಲಿಲ್ಲ —

ಇಲ್ಲ, ಇದನ್ನು ನೆಪವಾಗಿ ಹೇಳುತ್ತಿಲ್ಲ. ನಡೆದದ್ದು ಹೇಳುತ್ತಿದ್ದೇನೆ. ಅಂಗಡಿಯಿಂದ ಸ್ಟಿರಾಯ್ಡ್ ಗುಳಿಗೆ ತಂದೆ. ನುಣ್ಣಗೆ ಅರೆದು, ಪೊಟ್ಟಣ ಕಟ್ಟುವ ಮುಂಚೆ ಅಪ್ಪನ ಪುಡಿಯಲ್ಲಿ ಬೆರೆಸಿದೆ. ಕೆಲವು ದಿನಗಳಲ್ಲೇ ಗೋರ್ಟಾದ ಮುದುಕಿಯೊಬ್ಬಳು ಕೋಲು ಬಿಟ್ಟು ನಡೆದು ಬಂದು ಅಪ್ಪನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅಪ್ಪನ ಮುಖ ನೋಡಬೇಕಿತ್ತು. "ಬೇರಿನ್ಯಾಗ ಇನ್ನಾ ಜೀವ ಅದ ನೋಡು ವಿಜು" ಎಂದರು. ಕಟ್ಟೆ ಮತ್ತೆ ತುಂಬಿತು. ನಾನು ಬೆರೆಸುತ್ತಲೇ ಹೋದೆ.

ಆ ಹೊತ್ತಿಗೆ ಬೀರಪ್ಪ ರಜೆಗೆ ಊರಿಗೆ ಬಂದ. ಮೊಣಕಾಲು ಊದಿಕೊಂಡಿತ್ತು. ನಾನು ಹುಮನಾಬಾದಿನಲ್ಲಿದ್ದಾಗ ಮನೆಗೆ ಬಂದು, ಅಪ್ಪನ ಕೈಯಿಂದ ಪೊಟ್ಟಣ ಇಸಿದುಕೊಂಡು, ಅಂದೇ ಗೋವಾಕ್ಕೆ ಹೊರಟುಹೋದ. ಸಂಜೆ ಅಪ್ಪ ಇದನ್ನು ಸಂತೋಷದಿಂದ ಹೇಳಿದರು. ಆಟಗಾರರಿಗೆ ಈ ಗುಳಿಗೆ ನಿಷಿದ್ಧ ಎಂಬುದು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ತಿಳಿಯದ ಸಂಗತಿಯೇನಲ್ಲ. ಮರುದಿನ ಫೋನ್ ಮಾಡಿದೆ. ತಿನ್ನಬೇಡ, ಬಿಸಾಕು — ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಕೇಳಿದ್ದು, "ಕಾಲ್ ಹ್ಯಾಂಗ ಅದ?"

"ಪೂರಾ ಹಗರ ಆಗ್ಯಾದ ಮಾರಾಯಾ! ನಿಮ್ಮ ಅಪ್ಪ ದೇವ್ರಿದ್ದಂಗ ನೋಡು" ಎಂದ.

ನಾನು ಫೋನ್ ಇಟ್ಟೆ.

ಒಂದು ಪಂದ್ಯ ಮುಗಿದ ಮೇಲೆ ಅವನ ಮೂತ್ರ ಪರೀಕ್ಷೆಯಾಯಿತು. ಮದ್ದು ಸಿಕ್ಕಿತು. ಅವನನ್ನು ಅಮಾನತು ಮಾಡಿ ಊರಿಗೆ ಕಳಿಸಿದರು. ಪತ್ರಿಕೆಯಲ್ಲಿ ಅವನ ಫೋಟೋ ಬಂತು, ಈ ಸಲ ಬೇರೆ ಥರದ ತಲೆಬರಹದೊಂದಿಗೆ. ಮದ್ದು ಮೈಯೊಳಗೆ ಹೇಗೆ ಬಂತು ಎಂದು ತೋರಿಸಿಕೊಟ್ಟರೆ ಶಿಕ್ಷೆ ತಗ್ಗುತ್ತದೆ, ತಂಡಕ್ಕೆ ಮರಳಬಹುದು ಎಂದು ಹುಮನಾಬಾದಿನ ವಕೀಲರೊಬ್ಬರು ಅವನಿಗೆ ಹೇಳಿದರು. ಅವರನ್ನು ಕಂಡು ವಾಪಸು ಬರುವಾಗ ನಾನೂ ಅವನೂ ಒಂದೇ ಬಸ್ಸಿನಲ್ಲಿದ್ದೆವು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು, ಬಸ್ಸು ತೆವಳುತ್ತಿತ್ತು. ನಾನು ಕಿಟಕಿಯ ಕಡೆ, ಅವನು ನಡುದಾರಿಯ ಕಡೆ. ಎದ್ದು ಹೋಗುವುದಕ್ಕೂ ಜಾಗವಿರಲಿಲ್ಲ.

"ವಿಜು, ಸಿಟ್ಟ್ ಆಗಬ್ಯಾಡ. ಒಂದ್ ಮಾತ್ ಕೇಳ್ತೀನಿ. ನಿಮ್ಮ ಅಪ್ಪಾರ ಪುಡ್ಯಾಗ... ಬ್ಯಾರೆ ಏನರೆ ಇತ್ತೇನು?"

"ಹುಚ್ಚ್ ಹಿಡದದ ನಿನಗ? ಬೇರು ಬಿಟ್ಟ್ ಏನಿರ್ತದ ಅದರಾಗ?"

ಅವನು ತಲೆ ತಗ್ಗಿಸಿ, "ತಪ್ಪಾಯ್ತ್ ತಗೊ" ಎಂದ. ಬಸ್ಸು ಊರು ಸೇರುವವರೆಗೂ ನನ್ನ ತೋಳಿಗೆ ಅವನ ತೋಳು ತಾಗಿಕೊಂಡೇ ಇತ್ತು.

ಆದರೂ ವಕೀಲರು ಬಿಡಲಿಲ್ಲ. ಅವನು ಆ ದಿನಗಳಲ್ಲಿ ತಿಂದದ್ದನ್ನೆಲ್ಲ ಮದ್ದಿನ ಕೇಸು ವಿಚಾರಿಸುವ ಸಮಿತಿಗೆ ಹೇಳಲೇಬೇಕಿತ್ತು. ಪುಡಿಯನ್ನೂ ಪರೀಕ್ಷೆಗೆ ಕಳಿಸಬೇಕೆಂದರು. ಅವನ ಪೊಟ್ಟಣ ಮುಗಿದುಹೋಗಿತ್ತು. ಅಪ್ಪ ನನ್ನನ್ನೇ ಕರೆದು, "ವಿಜು, ಅದೇ ಡಬ್ಬಿದು ಕೊಡು, ನೋಡ್ಕೊಳ್ಳಿ" ಎಂದರು. ನಾನು ಏನೂ ಬೆರೆಸದ ಪುಡಿಯನ್ನು ಕಟ್ಟಿಕೊಟ್ಟೆ. ಆ ಪೊಟ್ಟಣವನ್ನೂ ದಿನದ ಪೊಟ್ಟಣಗಳ ಹಾಗೆಯೇ ಅಚ್ಚುಕಟ್ಟಾಗಿ ಕಟ್ಟಿದೆ. ಇದನ್ನು ನೆನೆದರೆ ಈಗ ಭಯವಾಗುತ್ತದೆ.

ವಿಚಾರಣೆ ನಡೆದದ್ದು ಕಂಪ್ಯೂಟರಿನ ಮೂಲಕ, ವಕೀಲರ ಆಫೀಸಿನಲ್ಲಿ ಕೂತು. ಅಪ್ಪ ಪರದೆಗೆ ಕೈಮುಗಿದರು. ಒಳಗಿದ್ದವರು ಹಿಂದಿಯಲ್ಲಿ ಕೇಳಿದರು. ವಕೀಲರು ತಿಳಿಸಿ ಹೇಳಿದರು. ಅಪ್ಪ ನೆಟ್ಟಗೆ ಕೂತು, "ನನ್ನ ಮಗನ ತಲಿ ಮ್ಯಾಲ ಕೈ ಇಟ್ಟ್ ಹೇಳ್ತೀನ್ರಿ ಸಾಹೇಬ್ರ, ನನ್ನ ಔಷಧದಾಗ ಕಲಬೆರಕಿ ಇಲ್ಲ" ಎಂದು ನಿಜವಾಗಿಯೂ ನನ್ನ ತಲೆಯ ಮೇಲೆ ಕೈ ಇಟ್ಟರು. ಅದು ಹಗುರವಾದ, ಒಣಗಿದ ಕೈ. ನಾನು ಅಲುಗಾಡದೆ ಅದರ ಕೆಳಗೆ ಕೂತಿದ್ದೆ. ನಾನು ಎದ್ದು ನಿಜ ಹೇಳಿದರೆ ಅಪ್ಪನ ಕತೆ ಮುಗಿಯಿತು. ಕೂತರೆ ಬೀರಪ್ಪನದು. ಕೂತೆ.

ಪುಡಿಯಲ್ಲಿ ಏನೂ ಸಿಗಲಿಲ್ಲ. ಬೀರಪ್ಪನಿಗೆ ಎರಡು ವರ್ಷ ನಿಷೇಧ ಹಾಕಿದರು. ಕ್ಲಬ್ಬು ಅವನನ್ನು ಕೈಬಿಟ್ಟಿತು. ತೀರ್ಪು ಬಂದ ದಿನ ಅವನು ನಮ್ಮ ಮನೆಗೆ ಬಂದು ಅಪ್ಪನ ಕಾಲು ಮುಟ್ಟಿದ. "ನಿಮ್ಮ ಮ್ಯಾಲ ಶಕ್ ಮಾಡ್ದೆ ಕಾಕಾ. ಮಾಫ್ ಮಾಡ್ರಿ" ಎಂದ. ಅಪ್ಪ ಅವನನ್ನು ಎಬ್ಬಿಸಿ ಅಪ್ಪಿಕೊಂಡರು. ನಾನು ಒಳಗೆ ಹೋಗಿ ನೀರು ತರುವ ನೆಪದಲ್ಲಿ ಬಹಳ ಹೊತ್ತು ಕೊಡದ ಮುಂದೆ ನಿಂತಿದ್ದೆ.

ಗುಳಿಗೆ ಬೆರೆಸುವುದನ್ನು ಅಷ್ಟರಲ್ಲೇ ನಿಲ್ಲಿಸಿದ್ದೆ. ನಿಲ್ಲಿಸಿದರೆ ಆದದ್ದು ಅಳಿಸಿ ಹೋಗುತ್ತದೆಯೇ? ಬೀರಪ್ಪ ಕಬ್ಬಿನ ಟ್ರ್ಯಾಕ್ಟರ್ ಹಿಡಿದ. ಹಳ್ಳಿಖೇಡದ ಕಾರ್ಖಾನೆಗೆ ಹೋಗುವಾಗ ನಮ್ಮ ಅಂಗಡಿಯ ಮುಂದೆ ನಿಧಾನ ಮಾಡಿ ಕೈ ಎತ್ತುತ್ತಿದ್ದ. ನಾನೂ ಎತ್ತುತ್ತಿದ್ದೆ. ಗೋವಾದಲ್ಲಿ ಅವನ ಕೋಣೆಯಲ್ಲಿದ್ದ ಆಟಗಾರನೇ ಕುಡಿಯುವುದರಲ್ಲಿ ಏನೋ ಹಾಕಿರಬೇಕು ಎಂದು ಅವನು ನಂಬಿದ್ದ. ತಮ್ಮನ ಹಾಗಿದ್ದ ಆ ಮಣಿಪುರದ ಹುಡುಗನೊಂದಿಗೆ ಮಾತು ಬಿಟ್ಟ. ಅದೂ ನಾನು ಮಾಡಿದ್ದೇ. ನಿಷೇಧ ಮುಗಿದ ಮೇಲೂ ಪ್ರತಿ ವರ್ಷ ಕ್ಲಬ್ಬಿಗೆ ಕೇಳುತ್ತಲೇ ಇದ್ದ, ಅವರು ಬೇಡ ಅನ್ನುತ್ತಲೇ ಇದ್ದರು. ಹೊಲದ ಬದುವಿನಲ್ಲಿ ಒಬ್ಬನೇ ಓಡುವುದನ್ನು ಅವನು ಬಿಡಲಿಲ್ಲ.

ಈ ವರ್ಷ ಕ್ಲಬ್ಬಿಗೆ ಹೊಸ ತರಬೇತುದಾರ ಬಂದು, ಇವನ ಆಟ ನನಗೆ ನೆನಪಿದೆ, ಇವನು ಬೇಕು ಎಂದನಂತೆ. ಆದರೆ ಹೆಸರಿಗೆ ಅಂಟಿದ್ದು ಹೋಗಬೇಕು, ಮತ್ತೊಮ್ಮೆ ವಿಷಯ ವಿಚಾರಿಸುತ್ತೇವೆ ಎಂದು ಕ್ಲಬ್ಬಿನವರು ಕರೆದರು. ಬೀರಪ್ಪ ನಮ್ಮ ಮನೆಗೆ ಓಡಿಬಂದ. "ಕಾಕಾ, ನಾ ಹ್ಯಾಂಗಿದ್ದವ ಅಂತ ನೀವ್ ಒಂದ್ ಮಾತ್ ಹೇಳ್ರಿ. ನಿಮ್ಮ ಮಾತಿಗಿ ವಜನ ಅದ" ಎಂದ.

ಅಪ್ಪನಿಗೆ ಈಗ ಕಣ್ಣು ಮಂಜು. "ಬರ್ತೀನಪ್ಪ. ಖರೆ ಹೇಳಾಕ ಏನ್ ತಕಲೀಫ್?" ಎಂದರು. ನನ್ನ ಕಡೆ ತಿರುಗಿ, "ವಿಜು, ಧೋತರ ಇಸ್ತ್ರಿ ಮಾಡ್ಸು" ಎಂದರು.

ಮತ್ತೆ ವಕೀಲರ ಆಫೀಸಿನ ಅದೇ ಕುರ್ಚಿ, ಅದೇ ಕೈ, ಅದರ ಕೆಳಗೆ ನನ್ನ ತಲೆ. ಬೀರಪ್ಪ ಹೋದ ಮೇಲೆ ಅಪ್ಪನ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ.

ಅಪ್ಪ ಬೈಯಲಿಲ್ಲ. "ಮತ್ತ್ ಎಷ್ಟ್ ಮಂದಿ ತಿಂದಾರ?" ಎಂದು ಕೇಳಿದರು. ನಾನು ಲೆಕ್ಕ ಇಟ್ಟಿರಲಿಲ್ಲ. ಗೋರ್ಟಾದ ಆ ಮುದುಕಿ ಆಮೇಲೆ ಒಮ್ಮೆ ಬಂದಾಗ ಗುಳಿಗೆಯಿಂದ ಅವಳ ಮುಖ ಬಾತುಕೊಂಡಿತ್ತು. ಇನ್ನೊಮ್ಮೆ ಬರಲಿಲ್ಲ. ಏನಾದಳೆಂದು ವಿಚಾರಿಸುವ ಧೈರ್ಯ ನನಗೆ ಆಗಿರಲಿಲ್ಲ.

"ನನ್ನ ಬಾಯಿಲೆ ಸುಳ್ಳ್ ಆಡ್ಸಿದಿ" ಎಂದರು ಅಪ್ಪ. ಆಮೇಲೆ ಒಳಗೆ ಹೋಗಿ, ಕುಟ್ಟಿಟ್ಟ ಪುಡಿಯನ್ನೆಲ್ಲ ತಂದು ಹಿತ್ತಲಿನಲ್ಲಿ ಸುರಿದರು. ಅದರಲ್ಲಿ ಏನೂ ಇರಲಿಲ್ಲ, ಬರೀ ಬೇರು. ಬೇಡ ಎನ್ನುವ ಹಕ್ಕು ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ತಾವೂ ಬರುತ್ತೇನೆಂದು ಹಟ ಹಿಡಿದರು. ಇಬ್ಬರೂ ಮೋರಖಂಡಿಗೆ ಹೋದೆವು. ಬೀರಪ್ಪ ಅಂಗಳದಲ್ಲಿ ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತಿದ್ದ. ನಾನು ನಿಂತೇ ಹೇಳಿದೆ. ಗುಳಿಗೆಯಿಂದ ಹಿಡಿದು ಪರೀಕ್ಷೆಗೆ ಕೊಟ್ಟ ಪೊಟ್ಟಣದವರೆಗೆ, ಒಂದನ್ನೂ ಬಿಡದೆ. ಅವನ ಕೈಯಲ್ಲಿ ಬೋಲ್ಟು ಬಿಚ್ಚುವ ಕಬ್ಬಿಣದ ಪಾನಾ ಇತ್ತು. ಹೊಡೆಯಲಿ ಅನ್ನಿಸಿತು. ಅವನು ಅದನ್ನು ನೆಲದ ಮೇಲಿಟ್ಟು, ಗ್ರೀಸು ಮೆತ್ತಿದ ಕೈ ಒರೆಸಿಕೊಂಡು, ಅಪ್ಪನ ರಟ್ಟೆ ಹಿಡಿದು ಹೊರಸಿನ ಮೇಲೆ ಕೂರಿಸಿದ. ಅವನ ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಅಪ್ಪನಿಗೆ ನೀರು ತಂದುಕೊಟ್ಟಳು. ನನಗೆ ಯಾರೂ ಕೂರು ಎನ್ನಲಿಲ್ಲ.

ಬೀರಪ್ಪ ನನ್ನ ಮುಖ ನೋಡದೆ, "ನನ್ನ ಮುಂದ ಹೇಳಿ ಏನ್ ಆಗ್ತದ? ಸೋಮವಾರ ವಿಚಾರಣಿ ಅದ. ಅಲ್ಲಿ ಬಂದ್ ಹೇಳು" ಎಂದ. ಮತ್ತೆ ಗಾಲಿಯ ಕಡೆ ಬಗ್ಗಿದ.

ಅವನನ್ನು ತಂಡಕ್ಕೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಓಡುವ ವಯಸ್ಸಿನ ಒಳ್ಳೆಯ ಭಾಗವನ್ನು ನಾನು ತಿಂದಾಗಿದೆ. ಅದನ್ನು ಯಾವ ಸಮಿತಿಯೂ ಅವನಿಗೆ ಮರಳಿ ಕೊಡಲಾರದು. ಅಂಗಡಿಯ ಮಾಲೀಕರಿಗೆ ನಿನ್ನೆ ವಿಷಯ ತಿಳಿಸಿದೆ. ಇನ್ನು ಬರಬೇಡ ಎಂದರು. ಪೊಲೀಸರು ಬಂದರೆ ಬರಲಿ. ಗೋರ್ಟಾಕ್ಕೂ ಹೋಗಬೇಕು, ಆ ಮುದುಕಿಯ ಮನೆ ಹುಡುಕಬೇಕು.

ಮೊದಲು ಸೋಮವಾರ. ಅವನು ನನ್ನೊಂದಿಗೆ ಮಾತಾಡುವುದಿಲ್ಲ, ಗೊತ್ತು. ಮಾತಾಡಬೇಕಾದವನು ನಾನು.