ರಜೆಯ ದಿನ ತೆಗೆದ ಬೀಗ

ಕೀಲಿಯಣ್ಣ ನಮ್ಮ ಕಡೆಯವನಲ್ಲ. ಸಂಪ್ರದಾಯವಾದಿ ಪಕ್ಷದ ಹಳೆಯ ಸದಸ್ಯ. ಒಮ್ಮೆ ನಾವು ಕಾರ್ಮಿಕ ಸಂಘದವರು ಅವರ ಪಕ್ಷದ ಕಚೇರಿಗೆ ಬೀಗ ಜಡಿದು ಮೆಟ್ಟಿಲ ಮೇಲೆ ಧರಣಿ ಕೂತಿದ್ದೆವು. ಪೊಲೀಸರು ನಮ್ಮನ್ನು ವ್ಯಾನಿಗೆ ತುಂಬುತ್ತಿದ್ದಾಗ ಅವನು ಬಂದ. ತಂತಿ ತೂರಿಸಿ ಬೀಗ ತೆಗೆದು ನನ್ನ ಕೈಗೇ ಕೊಟ್ಟ. "ಕಳಪೆ ಮಾಲು. ಮುಂದಿನ ಸಲ ನನ್ನ ಅಂಗಡೀಲಿ ತಗೊಳ್ಳಿ" ಅಂದ. ಪರಿಚಯ ಹಾಗೆ ಆದದ್ದು.

ಅವನ ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವಿನ ಸಂದು. ಗೋಡೆ ತುಂಬ ಮೊಳೆ, ಮೊಳೆ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು. ಬೆರಳ ಗೆರೆಗಳಲ್ಲಿ ಕೂತ ಹಿತ್ತಾಳೆ ಪುಡಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕೀಲಿ ಕಳೆದುಕೊಂಡು ಯಾರು ಮನೆಯ ಹೊರಗೆ ನಿಂತರೂ ಓಡುತ್ತಿದ್ದ, ಉಣ್ಣುವ ಕೈಯನ್ನು ಅರ್ಧಕ್ಕೇ ತೊಳೆದು. ವಾರದ ರಜೆಯ ದಿನ ಮಾತ್ರ ದೇವರೇ ಬಂದು ಕರೆದರೂ ಅಲುಗುತ್ತಿರಲಿಲ್ಲ. ಭಕ್ತಿಯೇನಲ್ಲ. ಅಂಗಿ ಬಿಚ್ಚಿ, ಅಂಗಾತ ಮಲಗಿ, ಸೂರು ನೋಡುತ್ತಿದ್ದ. ಅದು ದೇವರ ದಿನ, ಅಂದು ಯಾರೂ ಅಂಗಡಿ ತೆಗೆಯಕೂಡದು, ಕೆಲಸಕ್ಕೆ ಕರೆಯಕೂಡದು ಎಂದು ಊರಿನಲ್ಲಿ ಹಳೆಯ ಕಾನೂನಿತ್ತು. ಅದನ್ನು ಉಳಿಸುತ್ತೇವೆಂದ ಪಕ್ಷಕ್ಕೆ ಸೇರಿದ. ಅವನ ರಾಜಕೀಯ ಅಷ್ಟೇ.

ಆ ಪಕ್ಷ ಒಡೆದದ್ದೂ ಅದೇ ಕಾನೂನಿನ ಮೇಲೆ. ಒಂದು ಬಣಕ್ಕೆ ಯಜಮಾನ ಕೀಲಿಯಣ್ಣನ ಸ್ವಂತ ಅಣ್ಣ, ಬಟ್ಟೆ ವ್ಯಾಪಾರಿ. "ನನ್ನ ಅಂಗಡಿ ಯಾವಾಗ ತೆಗೀಬೇಕು ಅಂತ ಹೇಳೋಕೆ ಸರ್ಕಾರ ಯಾರು?" ಎನ್ನುತ್ತಿದ್ದ. ಇನ್ನೊಂದಕ್ಕೆ ನಿವೃತ್ತ ಮೇಷ್ಟ್ರು. "ದೇವರ ದಿನಾನೂ ಮಾರಿಕೊಂಡ ಮೇಲೆ ಪಕ್ಷ ಯಾಕ್ರಯ್ಯ? ಸಂತೆ ಸಾಕಲ್ಲ" ಎನ್ನುತ್ತಿದ್ದರು. ಇಬ್ಬರೂ ಓದಿದ್ದು ಒಂದೇ ಪ್ರಣಾಳಿಕೆ. ಒಂದು ಪುಟದಲ್ಲಿ ಸಂಪ್ರದಾಯ, ಮಗ್ಗುಲಲ್ಲೇ ವ್ಯಾಪಾರ ಸ್ವಾತಂತ್ರ್ಯ. ಅಷ್ಟು ವರ್ಷ ಯಾರೂ ಪುಟ ತಿರುಗಿಸಿರಲಿಲ್ಲ, ಅಷ್ಟೇ. ಕೀಲಿಯಣ್ಣನ ಹೆಂಡತಿ ಮಹಿಳಾ ಘಟಕದವಳು, ಮೇಷ್ಟ್ರ ಕಡೆ.

ಒಂದು ರಜೆಯ ದಿನ ಮೇಷ್ಟ್ರ ಬಣ ಕಚೇರಿಯಲ್ಲಿ ಸೇರಬೇಕಿತ್ತು. ಹೋಗಿ ನೋಡಿದರೆ ಬಾಗಿಲಿಗೆ ಅಣ್ಣನ ಕಡೆಯವರ ಬೀಗ. ಮೇಷ್ಟ್ರು ನೆಟ್ಟಗೆ ಕೀಲಿಯಣ್ಣನ ಮನೆಗೆ ಬಂದರು.

"ಏಳಯ್ಯ, ಸಾಮಾನು ತಗೊ."

"ಇವತ್ತು ರಜೆ ಮೇಷ್ಟ್ರೇ."

"ಆ ರಜೆ ಉಳಿಸೋಕೇ ಕಣಯ್ಯ ಕರೀತಿರೋದು!"

ಹೆಂಡತಿ ಒಳಗಿನಿಂದ ಚೀಲ ತಂದಿಟ್ಟಳು. "ಇದು ಕೆಲಸ ಅಲ್ಲಾರೀ, ಸೇವೆ."

"ಬೀಗಕ್ಕೆ ಅದು ಗೊತ್ತಾಗಲ್ವಲ್ಲೇ."

"ನಿಮ್ಮಣ್ಣನ ಬೀಗ ಅಂತ ಕೈ ಬರ್ತಿಲ್ವಾ?"

ಅವನು ಅಂಗಿ ತೊಟ್ಟ. ಕಚೇರಿಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ಜಗಳ ಆಗುತ್ತದೆಂದು ಎಲ್ಲರೂ ತೋಳು ಏರಿಸಿದರೆ ಅವನು ಪಕ್ಕಕ್ಕೆ ಸರಿದ. "ತೆಗಿಯೋ ತಮ್ಮಾ, ತೆಗಿ. ನಾನ್ಯಾಕೆ ಅಡ್ಡ ಬರಲಿ?"

"ಬೆಳಕು ಬಿಡು" ಎಂದ ಕೀಲಿಯಣ್ಣ. ಬೀಗ ಬಾಯಿ ಬಿಟ್ಟಿತು. ಮೇಷ್ಟ್ರ ಕಡೆಯವರು ಜೈಕಾರ ಹಾಕಿದರು.

ಮುಂದಿನ ವಾರ ಎರಡೂ ಬಣಗಳು ಕೂತ ಸಭೆ. ಕಾನೂನು ಇರಬೇಕೋ ಹೋಗಬೇಕೋ ತೀರ್ಮಾನಿಸಲು. ಅಣ್ಣ ಎದ್ದು ನಿಂತ.

"ಈ ಬಾಗಿಲ ಬೀಗ ತೆಗೆದೋನು ನಮ್ಮ ತಮ್ಮ. ಯಾವತ್ತು ತೆಗೆದ? ರಜೆ ದಿನ. ತೆಗೆಸಿದ್ದು ಯಾರು? ರಜೆ ಬೇಕು ಅನ್ನೋರು! ಮೇಷ್ಟ್ರಿಗೆ ಬೇಕಾದಾಗ ಆಳು ಎದ್ದು ಬರಬೇಕು, ನನ್ನ ಗಿರಾಕಿಗೆ ಬೇಕಾದಾಗ ಬರಬಾರದು. ಯಾವ ಧರ್ಮ ಇದು?"

"ಅದು ತುರ್ತು ಕಣಯ್ಯ."

"ಅವರವರದು ಅವರವರಿಗೆ ತುರ್ತೇ ಮೇಷ್ಟ್ರೇ."

ಮೇಷ್ಟ್ರ ಕಡೆಯವರೂ ನಕ್ಕುಬಿಟ್ಟರು. ನಕ್ಕವರು ಅಣ್ಣನ ಪರ ಕೈ ಎತ್ತಿದರು. ಕೀಲಿಯಣ್ಣ ರಜೆಯ ಪರ ಎತ್ತಿದ್ದ ಕೈಯನ್ನು ಇಳಿಸುವುದನ್ನೇ ಮರೆತು ಕೂತಿದ್ದನಂತೆ. ಪಕ್ಕದವನು ಹಿಡಿದು ಇಳಿಸಿದ.

ದಾರಿಯಲ್ಲಿ ಹೆಂಡತಿ ಬೈದಳು. "ಅವತ್ತು ಆಗಲ್ಲ ಅಂತ ಗಟ್ಟಿಯಾಗಿ ಹೇಳೋಕೆ ನಿಮಗೇನು ಬಾಯಿರಲಿಲ್ವಾ?"

ಅವನು ಹೂಂ ಅಂದ. ನಗರಸಭೆಯಲ್ಲಿ ಅವರ ಪಕ್ಷದ್ದೇ ಬಹುಮತ, ಕಾನೂನು ಬಿದ್ದುಹೋಯಿತು. ನಾವು ಸಂಘದವರು ರಜೆ ಬೇಕೆಂದು ರಸ್ತೆಗಿಳಿದು ಕೂಗಿದೆವು. ಅವನು ಸಂದಿನಿಂದ ತಲೆ ಹೊರಗೆ ಹಾಕಿ ನೋಡಿ, ಮತ್ತೆ ಕೀಲಿ ಕೊರೆಯತೊಡಗಿದ.

ಅಂಗಡಿಗಳು ತೆರೆದ ಮೊದಲ ರಜೆಯ ದಿನ ಅಣ್ಣನ ಫೋನು. ಬಟ್ಟೆ ಅಂಗಡಿಯ ಶಟರ್ ಕಚ್ಚಿಕೊಂಡಿದೆ, ಗಿರಾಕಿಗಳು ಬಿಸಿಲಲ್ಲಿ ನಿಂತಿದ್ದಾರೆ, ಬೇಗ ಬಾರೋ ತಮ್ಮಾ. ಮಲಗಿದ್ದವನು ಎದ್ದು ಹೋದ.

"ಬೇಜಾರಾಗಲಿಲ್ವೇನಯ್ಯ?" ಎಂದು ಆಮೇಲೆ ಕೇಳಿದೆ.

ಕೀಲಿಯೊಂದನ್ನು ಬೆಳಕಿಗೆ ಹಿಡಿದು ಹಲ್ಲು ನೋಡುತ್ತಿದ್ದ. "ಬೇಜಾರು ಎಂಥದು? ಶಟರಿಗೆ ಎಣ್ಣೆ ಬಿಟ್ಟಿರಲಿಲ್ಲ" ಎಂದ.