ಮುಂದಿನ ಕ್ವಾರ್ಟರ್‌ಬ್ಯಾಕ್ ಯಾರು

ಶನಿವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ನಮ್ಮ ತಂಡದ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬಿದ್ದ. ಆಟದ ಹಾಳೆ ಬರೆಯುವುದು ನನ್ನ ಕೆಲಸ. ವೇಳೆ ಬರೆದಿದ್ದೇನೆ, ಮುಂದೇನಾಯಿತೆಂದು ಬರೆಯುವ ಪಕ್ಕದ ಚೌಕ ಖಾಲಿ ಉಳಿದಿದೆ. ಹೆಲ್ಮೆಟ್ ಹಾಕಿಕೊಂಡು ಆಡುವ ಇಲ್ಲಿನ ಫುಟ್‌ಬಾಲಿನಲ್ಲಿ, ಚೆಂಡನ್ನು ಯಾರಿಗೆ ಎಸೆಯಲಿ ಎಂದು ಹುಡುಕುತ್ತ ನಿಲ್ಲುವವನೇ ಕ್ವಾರ್ಟರ್‌ಬ್ಯಾಕ್. ಅವನು ಬಲಕ್ಕೆ ನೋಡುತ್ತಿದ್ದ. ಎಡದಿಂದ ಇಬ್ಬರು ಬಂದರು. ಹದಿನಾಲ್ಕರ ಹುಡುಗ. ಬೆರಳು ಗೊತ್ತಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದು ಈಗಲೂ ಕೇಳಿಸುತ್ತದೆ.

ಸಂಜೆಯ ಹೊತ್ತಿಗೆ ಬೆರಳು ಆಡಿದವು. ಕುತ್ತಿಗೆಯ ಮೂಳೆ ಮುರಿದಿರಲಿಲ್ಲ, ಪಟ್ಟಿ ಹಾಕಿದರು. ಆದರೆ ಆ ವರ್ಷ ಇನ್ನು ಆಟವಿಲ್ಲ ಎಂದರು ಡಾಕ್ಟರು. ಬದಲಿಗೆ ನಿಲ್ಲುವವನೂ ನಮ್ಮಲ್ಲಿರಲಿಲ್ಲ. ಅದಕ್ಕೆ ಕಾರಣ ನಾನು.

ಹುಡುಗರೂ ಹುಡುಗಿಯರೂ ಒಟ್ಟಿಗೆ ಆಡುವ ನಮ್ಮ ಮಕ್ಕಳ ಲೀಗಿನಲ್ಲಿ ಪ್ರತಿ ವಸಂತದಲ್ಲಿ ಡ್ರಾಫ್ಟು. ಕೋಚುಗಳು ಒಟ್ಟಿಗೆ ಕೂತು ಸರದಿಯಂತೆ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ತಂಡದ ಮ್ಯಾನೇಜರರ ಮಗುವನ್ನು ಮಾತ್ರ ಬೇರೆ ತಂಡ ಮುಟ್ಟುವಂತಿಲ್ಲ. ಮಗಳು ಕಣ್ಣೆದುರಿಗಿರಲಿ ಎಂದೇ ನಾನು ಮ್ಯಾನೇಜರಾಗಿದ್ದು. ಧಾರವಾಡದಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದ ಜಂಬ ಬೇರೆ. ನಮ್ಮ ಹುಡುಗ ಒಂದು ಆಟವನ್ನೂ ತಪ್ಪಿಸಿಲ್ಲ ಎಂದು ಲೆಕ್ಕ ತೋರಿಸಿ, ಬದಲಿ ಹುಡುಗನನ್ನು ಪಕ್ಕದ ಊರು ಎಟೋಬಿಕೋಕಿನ ತಂಡಕ್ಕೆ ಕೊಟ್ಟು, ಒಬ್ಬ ಓಟಗಾರನನ್ನು ತಂದಿದ್ದೆ.

ನಮ್ಮ ಕೋಚು ಬೆಳಗಾವಿಯವರು, ರಿಟೈರಾದ ಎಂಜಿನಿಯರು. ಎಲ್ಲರಿಗೂ ಕಾಕಾ.

"ತಂಗಿ, ಅಪ್ಪನ ಜೋಡಿ ಕ್ರಿಕೆಟ್ ಆಡಿ ಆಡಿ ನಿನ್ನ ಮಗಳ ತೋಳು ಹೆಂಗಾಗೇದ ನೋಡಿಯಿಲ್ಲೋ? ಕ್ವಾರ್ಟರ್‌ಬ್ಯಾಕ್ ಮನ್ಯಾಗ ಇಟ್ಕೊಂಡು ಊರೆಲ್ಲಾ ಹುಡುಕ್ತೀಯಲ್ಲ!"

"ಬ್ಯಾಡ ಕಾಕಾ. ನಾವು ಕೊಟ್ಟ ಹುಡುಗನ್ನ ವಾಪಸ್ ತರೋಣು."

ಅದಲುಬದಲಿಗೆ ಬುಧವಾರದವರೆಗೆ ಅವಕಾಶವಿತ್ತು. ಎಟೋಬಿಕೋಕಿನವರು ಮುಂದಿನ ಎರಡು ಡ್ರಾಫ್ಟಿನಲ್ಲಿ ನಮ್ಮ ಮೊದಲ ಆಯ್ಕೆಯ ಸರದಿ ತಮಗೆ ಬೇಕೆಂದರು. ನಾನು ಒಪ್ಪಿಬಿಟ್ಟೆ.

"ಮಂದಿ ಮಗ ಬಿದ್ರ ನಡೀತದ, ನಮ್ಮ ಮಗಳು ಬೀಳಬಾರ್ದು. ಹಂಗೇನು?" ಎಂದರು ಕಾಕಾ.

ಮಗುವನ್ನು ತರುವ ಮೊದಲು ಮ್ಯಾನೇಜರು ಆ ಮನೆಗೆ ಫೋನು ಮಾಡಿ ಒಪ್ಪಿಗೆ ಪಡೆಯಬೇಕು. ಹುಡುಗನ ತಾಯಿ ಎತ್ತಿದರು. ಶನಿವಾರದ ಸುದ್ದಿ ಅವರಿಗೂ ಮುಟ್ಟಿತ್ತು. ನಿಮ್ಮ ಮಗಳನ್ನಾದರೆ ಆ ಜಾಗದಲ್ಲಿ ನಿಲ್ಲಿಸುತ್ತಿದ್ದಿರಾ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇಲ್ಲ ಎಂದೆ. ಅವರು ಫೋನಿಟ್ಟರು.

ಅಡುಗೆಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. "ಅಮ್ಮಾ, ಐ ಆಮ್ ನಾಟ್ ಸ್ಕೇರ್ಡ್. ಯು ಆರ್."

ಬುಧವಾರ ಬೇರೆ ಅದಲುಬದಲಿ ಮಾಡಿದೆವು. ನನ್ನ ಓಟಗಾರನನ್ನು ಕೊಟ್ಟು ಇಬ್ಬರು ದಢೂತಿ ಹುಡುಗರನ್ನು ತಂದೆವು. ಕ್ವಾರ್ಟರ್‌ಬ್ಯಾಕಿನ ಎಡಕ್ಕೂ ಬಲಕ್ಕೂ ಗೋಡೆಯಂತೆ ನಿಲ್ಲುವುದೇ ಅವರ ಕೆಲಸ. ನಡುವೆ ನಿಂತವಳು ನನ್ನ ಮಗಳು.

ಐದು ವಾರ ನಾನು ಸರಿಯಾಗಿ ಮಲಗಲಿಲ್ಲ. ಕಣ್ಣು ಮುಚ್ಚಿದರೆ ಎಡದಿಂದ ಇಬ್ಬರು ಬರುತ್ತಿದ್ದರು.

ಕೊನೆಯ ಆಟಕ್ಕೆ, ಅಂದು ಬಿದ್ದಿದ್ದ ನಮ್ಮ ಹುಡುಗ ಬಂದು ನನ್ನ ಪಕ್ಕ ಕೂತ. ಕುತ್ತಿಗೆಯ ಪಟ್ಟಿ ತೆಗೆದಿದ್ದರು. ಮಗಳು ಜೋರಾಗಿಯೇ ಬಿದ್ದಳು. ನಾನು ವೇಳೆ ಬರೆದೆ, ಪೆನ್ನು ಅಲ್ಲೇ ನಿಂತಿತು. "ಶಿ ಈಸ್ ಅಪ್, ಆಂಟಿ," ಎಂದ ಅವನು, ಪೆನ್ನು ತೆಗೆದುಕೊಂಡು ಪಕ್ಕದ ಚೌಕವನ್ನು ತಾನೇ ತುಂಬಿದ.

ಆಟ ಸೋತೆವು. ಅಂದು ರಾತ್ರಿ ಮಲಗಿದ ನಾನು ಎದ್ದಾಗ ಭಾನುವಾರ ಬೆಳಿಗ್ಗೆ ಎಂಟಾಗಿತ್ತು.