ಸುಳ್ಳಿಗೆ ಬಿಟ್ಟ ಒಂದಿಂಚು

“ಹೊಟ್ಟೆ ಬಿಡಿ.”

“ಬಿಟ್ಟಿದ್ದೀನಲ್ಲ ಅಕ್ಕ.”

“ಎಲ್ಲಿ ಬಿಟ್ಟಿದ್ದೀರಿ? ಉಸಿರು ಕಟ್ಟಿ ಮುಖ ಕೆಂಪಾಗಿದೆ. ಬಿಡಿ ಅಂದ್ರೆ ಬಿಡಬೇಕು.”

ಗಾಲಿಕುರ್ಚಿಯಲ್ಲಿ ಕೂತ ಫೋನ್ ರಿಪೇರಿಯವರು ನಗುತ್ತಾರೆ. ನಗುವ ಭರಕ್ಕೆ ಹೊಟ್ಟೆ ಸಡಿಲವಾಗುತ್ತದೆ. ಆ ಒಂದು ಗಳಿಗೆಗೇ ಕಾದಿದ್ದ ಟೇಪು ಸರ್ರನೆ ಸೊಂಟ ಸುತ್ತಿ ಬರುತ್ತದೆ. ನೆಲಕ್ಕೆ ಮಂಡಿಯೂರಿದ ಹೆಂಗಸು ಅಂಕಿ ನೋಡಿ, ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಳ್ಳುತ್ತಾರೆ. ಮೂವತ್ತೇಳು. ಪ್ಯಾಂಟು ಹೊಲಿದಿರುವುದು ಮೂವತ್ತಾರಕ್ಕೆ.

“ಅವತ್ತು ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳ್ಕೊಂಡಿದ್ರಿ ನೀವು.”

“ಮೇಡಂ ಎದುರಿಗೇ ನಿಂತಿದ್ರು. ನಂಗೂ ಮಾನ ಮರ್ಯಾದೆ ಬೇಡ್ವಾ?”

“ನಿಮ್ಮ ಮರ್ಯಾದೆ ಈಗ ನನ್ನ ಕುತ್ತಿಗೆಗೆ ಬಂತು ನೋಡಿ.”

ಬೆಳಗಿನ ಆರೂಕಾಲು. ಬಟ್ಟೆ ಅಂಗಡಿಯ ಗಂಡಸರ ವಿಭಾಗದಲ್ಲಿ ಅರ್ಧ ದೀಪಗಳು ಮಾತ್ರ ಉರಿಯುತ್ತಿವೆ. ತಲೆಯಿಲ್ಲದ ಗೊಂಬೆಗಳನ್ನು ಗೋಡೆಗೆ ಸರಿಸಿ ಕ್ಯಾಮೆರಾಗೆ ಜಾಗ ಮಾಡಿದ್ದಾರೆ. ಹತ್ತಕ್ಕೆ ಅಂಗಡಿ ತೆರೆಯುತ್ತದೆ, ಅಷ್ಟರೊಳಗೆ ಮುಂದಿನ ಮೂರು ತಿಂಗಳ ಜಾಹೀರಾತಿನ ಚಿತ್ರ ಮುಗಿಯಬೇಕು. ಒಂಬತ್ತಕ್ಕೆ ಜಾಹೀರಾತು ವಿಭಾಗದ ಮೇಡಂ ಬರುತ್ತಾರೆ. ಅವರ ಮಾತು ಖಡಕ್ಕು: ಚಿತ್ರ ಚೆನ್ನಾಗಿ ಬಂದರೆ ಕೂತೇ ಬದುಕುವವರಿಗಾಗಿ ಹೊಲಿದ ಈ ಪ್ಯಾಂಟನ್ನು ಇನ್ನೂರು ಕತ್ತರಿಸಿ ಅಂಗಡಿಗೆ ತರುವುದು, ಇಲ್ಲದಿದ್ದರೆ ಈ ವಿಷಯ ಇಲ್ಲಿಗೇ ಬಿಡುವುದು.

ಮಂಡಿಯೂರಿದ ಹೆಂಗಸಿಗೆ ಐವತ್ತನಾಲ್ಕು ವರ್ಷ. ಕೊರಳಲ್ಲಿ ಸದಾ ಟೇಪು ಇರುವುದರಿಂದ ಅಂಗಡಿಯಲ್ಲಿ ಎಲ್ಲರಿಗೂ ಟೇಪಕ್ಕ. ಕೊಂಡ ಬಟ್ಟೆಯನ್ನು ಕೊಂಡವರ ಮೈಗೆ ಹೊಂದಿಸಿಕೊಡುವ ಆಲ್ಟರೇಶನ್ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದಾರೆ. ಮೆಟ್ಟಿಲ ಕೆಳಗಿನ ಆ ಜಾಗದಲ್ಲಿ ಎದ್ದು ನಿಂತರೆ ತಲೆಗೆ ಸೂರು ತಾಗುತ್ತದೆ. ನಾಲ್ಕು ವರ್ಷದಿಂದ ಇನ್ನೊಂದು ಕೆಲಸ ಹೆಗಲೇರಿದೆ. ಅಂಗಡಿಯ ಪೋಸ್ಟರುಗಳಿಗೆ ಮುಖ ಹುಡುಕುವುದು ಅವರೇ. ಬಸ್ ನಿಲ್ದಾಣದ ಗೋಡೆಯ ಮೇಲೆ ಕೋಟು ತೊಟ್ಟು ನಗುವ ದಪ್ಪನೆಯ ಶಾಲಾ ಬಸ್ ಚಾಲಕಿ, ಕುತ್ತಿಗೆಯ ಬಿಳಿ ಮಚ್ಚೆ ಕಾಣುವಂತೆ ಕಾಲರ್ ಬಿಚ್ಚಿ ನಿಂತ ಬ್ಯಾಂಕ್ ಗುಮಾಸ್ತ, ಒಂದೇ ತೋಳಿನ ಈಜುಗಾರ್ತಿ: ಇವರೆಲ್ಲ ಅವರ ಕೌಂಟರಿನಿಂದ ಹೋದವರು. ಇಲ್ಲಿಯವರೆಗೆ ಅರವತ್ತಮೂರು ಜನ. ಪೋಸ್ಟರಿನ ಮೂಲೆಯಲ್ಲಿ ಫೋಟೊ ತೆಗೆದವರ ಹೆಸರು ಇರುತ್ತದೆ, ಮುಖ ಹುಡುಕಿದವರದು ಇರುವುದಿಲ್ಲ.

ಈ ಕೆಲಸ ಸಿಕ್ಕಿದ್ದು ಒಂದು ಶೂನಿಂದ. ಎಲ್ಲ ಥರದ ಜನ ಪೋಸ್ಟರಿನಲ್ಲಿರಲಿ ಎಂದು ಮೇಡಂ ಹೊರಟ ಮೊದಲ ವರ್ಷ ಮಾಡೆಲ್ ಏಜೆನ್ಸಿಯವರು ಗಾಲಿಕುರ್ಚಿಯಲ್ಲಿ ಒಬ್ಬ ಚೆಂದದ ಹುಡುಗನನ್ನು ಕಳಿಸಿದ್ದರು. ಪ್ಯಾಂಟಿನ ಅಂಚು ಮಡಚಲು ಬಗ್ಗಿದ ಟೇಪಕ್ಕನಿಗೆ ಅವನ ಶೂ ತಳ ಕಂಡಿತು. ಎಡ ಹಿಮ್ಮಡಿ ಪೂರ್ತಿ ಸವೆದಿದೆ.

“ಎಷ್ಟು ದಿನದಿಂದ ಕೂತಿದ್ದೀಯಪ್ಪ ಅಂತ ಕೇಳ್ದೆ. ಬೆಳಗ್ಗೆ ಎಂಟು ಗಂಟೆಯಿಂದ ಆಂಟಿ ಅಂದ!”

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ನಗು ತಡೆಯುವುದಿಲ್ಲ. ಅಂದು ಮೇಡಂಗೆ ನಗು ಬರಲಿಲ್ಲ. ಏಜೆನ್ಸಿಯವರನ್ನು ವಾಪಸ್ ಕಳಿಸಿ, “ನಿಮ್ಮ ಕೌಂಟರಿಗೆ ಯಾರ್ಯಾರು ಬರ್ತಾರೆ?” ಎಂದು ಕೇಳಿದರು. ಟೇಪಕ್ಕ ಅಳತೆ ಪುಸ್ತಕ ತೆಗೆದು ಮುಂದಿಟ್ಟರು. ಸಿದ್ಧ ಉಡುಪು ಒಗ್ಗದ ಇನ್ನೂರ ಹನ್ನೊಂದು ಮೈಗಳ ಅಳತೆ ಅದರಲ್ಲಿತ್ತು.

ಹಾಗೆಂದು ಕೇಳಿದವರೆಲ್ಲ ಒಪ್ಪುವುದಿಲ್ಲ. ಹತ್ತು ಜನರಲ್ಲಿ ಏಳು ಮಂದಿ ತಮಾಷೆ ಅಂದುಕೊಂಡು ನಗುತ್ತಾರೆ. ಇಬ್ಬರು ಸಿಡುಕುತ್ತಾರೆ. ಒಬ್ಬರು ಮೂರು ದಿನ ಬಿಟ್ಟು ಬಂದು, “ಅವತ್ತು ಏನೋ ಅಂದ್ರಲ್ಲ…” ಎಂದು ಗೋಡೆ ನೋಡುತ್ತ ನಿಲ್ಲುತ್ತಾರೆ. ಪೀಡಿಸುವ ಅಭ್ಯಾಸ ಟೇಪಕ್ಕನಿಗಿಲ್ಲ. “ಕನ್ನಡಿ ಮುಂದೆ ನಿಂತಾಗ ಎಲ್ರೂ ಮೊದಲು ನೋಡೋದು ತಮಗೆ ಇಷ್ಟ ಇಲ್ಲದ ಜಾಗಾನೇ. ಅದನ್ನ ಊರ ತುಂಬ ಅಂಟಿಸ್ತೀನಿ ಅಂದ್ರೆ ಒಂದು ಮೂರು ದಿನ ಬೇಡ್ವಾ ಪಾಪ?”

ಈ ವಿದ್ಯೆ ಕಲಿಸಿದ ಗುರು ಮನೆಯಲ್ಲೇ ಇದ್ದಾರೆ. ಅತ್ತೆಗೆ ಗೂನುಬೆನ್ನು. ಯಾವ ಅಂಗಿ ತೊಟ್ಟರೂ ಹಿಂದೆ ಮೇಲೇರಿ ಸೊಂಟಕ್ಕೆ ಚಳಿ. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ಸೊಸೆಯ ಮುಂದೆ ಬಟ್ಟೆ ಎಸೆದಿದ್ದರಂತೆ: “ನನ್ನ ಬೆನ್ನು ಸರಿ ಮಾಡೋಕೆ ಯಾರಿಂದ್ಲೂ ಆಗಲ್ಲ. ನೀನು ಅಂಗಿ ಸರಿ ಮಾಡು.” ಹಿಂಭಾಗವನ್ನು ನಾಲ್ಕಿಂಚು ಉದ್ದ ಕತ್ತರಿಸಲು ಸೊಸೆ ಕಲಿತದ್ದು ಹಾಗೆ. ಪೋಸ್ಟರಿನ ಅರವತ್ತಮೂರು ಮುಖಗಳಲ್ಲಿ ಮೊದಲನೆಯದೂ ಅತ್ತೆಯದೇ. ಎಂಬತ್ತರ ಹತ್ತಿರ ಬಂದವರು ಸ್ವೆಟರ್ ತೊಟ್ಟು, ಬೆನ್ನು ಕ್ಯಾಮೆರಾ ಕಡೆ ತಿರುಗಿಸಿ, ಕತ್ತು ಹೊರಳಿಸಿ ನಗುತ್ತಿದ್ದಾರೆ. ಚಿತ್ರ ನೋಡಿ ಅವರ ತಕರಾರು ಒಂದೇ: “ಹೊಸ ಹಲ್ಲಿನ ಸೆಟ್ಟು ಕಾಣ್ತಾನೇ ಇಲ್ಲ.”

ಆದರೆ ಆ ಚಿತ್ರದ ಮುಂದಿನ ಚಿತ್ರ ಟೇಪಕ್ಕನಿಗೆ ಇವತ್ತಿಗೂ ಚುಚ್ಚುತ್ತದೆ. ಬಸ್ ಚಾಲಕಿಗೆಂದು ಅವರು ಹೊಲಿದುಕೊಟ್ಟ ಕೋಟನ್ನು ಅಂಗಡಿಯವರು ಖುಷಿಯಲ್ಲಿ ಅವಳಿಗೇ ಉಡುಗೊರೆ ಕೊಟ್ಟುಬಿಟ್ಟರು. ಮಾದರಿ ಕೈತಪ್ಪಿತು. ಕಾರ್ಖಾನೆಯವರು ಅಂದಾಜಿಗೆ ಕತ್ತರಿಸಿದರು. ದೊಡ್ಡ ಮೈ ಅಂದರೆ ಅಗಲ ಭುಜ ಎಂದಷ್ಟೇ ಅವರ ಲೆಕ್ಕ. ಪೋಸ್ಟರು ನೋಡಿ ಓಡಿಬಂದ ಹೆಂಗಸರು ಕಂಕುಳಲ್ಲಿ ಬಿಗಿದು, ಭುಜದಲ್ಲಿ ಜೋತುಬಿದ್ದ ಕೋಟು ಹಿಡಿದು ಮೆಟ್ಟಿಲ ಕೆಳಗೆ ಸಾಲುಗಟ್ಟಿದರು.

“ಕನ್ನಡಿಯೊಳಗಿನ ಗಂಟು ತೋರಿಸಿ ಕರೆದಂಗಾಯ್ತು. ಒಬ್ಬಳು ಏನೂ ಬೈಲಿಲ್ಲ. ಕೋಟು ಮಡಚಿ ನನ್ನ ಟೇಬಲ್ ಮೇಲಿಟ್ಟು ಹೋದಳು. ಬೈದಿದ್ರೆ ಚೆನ್ನಾಗಿತ್ತು.”

ಫೋನ್ ರಿಪೇರಿಯವರು ಕೌಂಟರಿಗೆ ಮೊದಲು ಬಂದದ್ದು ಒಂದೇ ಪ್ಯಾಂಟನ್ನು ನಾಲ್ಕನೇ ಸಲ ಸರಿಮಾಡಿಸಲು. ಟೇಪಕ್ಕ ಪ್ಯಾಂಟಿನ ಬದಲು ಅವರು ಕೂತಿರುವ ರೀತಿ ನೋಡಿದರು. ಹಿಂದೆ ಜಾರುತ್ತದೆ, ಮುಂದೆ ಹೊಟ್ಟೆಯ ಕೆಳಗೆ ಬಟ್ಟೆಯ ಗುಡ್ಡೆ. ಹಿಂಜೇಬಿನ ದಪ್ಪ ಹೊಲಿಗೆ ದಿನವಿಡೀ ಒತ್ತಿ ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ, ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲ. “ಜನ ಯಾವಾಗ್ಲೂ ನಿಂತೇ ಇರ್ತಾರೆ ಅಂದ್ಕೊಂಡು ಹೊಲೀತಾರೆ ಇವರೆಲ್ಲ,” ಎಂದು ಗೊಣಗಿ, ಹಿಂದೆ ಎತ್ತರ, ಮುಂದೆ ತಗ್ಗು, ಜೇಬು ತೊಡೆಯ ಮೇಲೆ ಬರುವಂತೆ ಹೊಸದನ್ನೇ ಕತ್ತರಿಸಿದರು. ಇವತ್ತು ಒಂದಿಂಚು ಬಿಗಿಯಾಗಿರುವುದು ಅದೇ ಪ್ಯಾಂಟು.

ಏಳೂವರೆ. ಫೋಟೊದವರು ಕ್ಯಾಮೆರಾದಲ್ಲಿ ಇಣುಕಿ ಹುಬ್ಬು ಗಂಟಿಕ್ಕುತ್ತಾರೆ. ಗುಂಡಿಯ ಹತ್ತಿರ ಬಟ್ಟೆ ಎಳೆದು ಸುಕ್ಕು ಬಿದ್ದಿದೆ. ಅವರ ಪೆಟ್ಟಿಗೆಯ ತುಂಬ ಕ್ಲಿಪ್ಪುಗಳಿವೆ. ಪೋಸ್ಟರಿನ ಅರ್ಧ ಅಂದ ಮಾಡೆಲ್ಲುಗಳ ಬೆನ್ನ ಹಿಂದಿನ ಕ್ಲಿಪ್ಪುಗಳಲ್ಲೇ ಇರುತ್ತದೆ.

“ಗುಂಡಿ ಬಿಚ್ಚಿ, ಹಿಂದಿಂದ ಎರಡು ಕ್ಲಿಪ್ ಹಾಕಿ ಎಳೆದುಬಿಡೋಣ ಅಕ್ಕ. ಕುರ್ಚಿ ಇದೆ, ಯಾರಿಗೂ ಕಾಣಲ್ಲ.”

“ಕಾಣಲ್ಲ, ಸರಿ. ಒತ್ತಲ್ವಾ? ಒತ್ತಿದ್ರೆ ಇವರಿಗೆ ಗೊತ್ತಾಗುತ್ತಾ?”

ಫೋಟೊದವರು ಕ್ಲಿಪ್ಪನ್ನು ಮೆಲ್ಲಗೆ ಪೆಟ್ಟಿಗೆಗೆ ಹಾಕುತ್ತಾರೆ.

ಟ್ರಯಲ್ ರೂಮಿಗೆ ಕುರ್ಚಿ ಹೋಗುತ್ತದೆ, ಬಾಗಿಲು ಮುಚ್ಚುವುದಿಲ್ಲ. ಟೇಪಕ್ಕ ಬೆನ್ನು ತಿರುಗಿಸಿ ಬೆಡ್‌ಶೀಟು ಎತ್ತಿ ಹಿಡಿದು ನಿಲ್ಲುತ್ತಾರೆ. ಬಿಚ್ಚಲು ಹತ್ತು ನಿಮಿಷ. ಆಮೇಲೆ ಬ್ಲೇಡು ಹೊಲಿಗೆಯ ಮೇಲೆ ಓಡುತ್ತದೆ. ಒಳಗೆ ಮಡಚಿಟ್ಟ ಬಟ್ಟೆ ಹೊರಬರುತ್ತದೆ, ಸರಿಯಾಗಿ ಒಂದಿಂಚು.

“ಎಲ್ಲರ ಬಟ್ಟೇಲೂ ಬಿಟ್ಟಿರ್ತೀನಿ,” ಎನ್ನುತ್ತಾರೆ, ಮಿಷನ್ನಿನ ಸದ್ದಿನ ಮೇಲೆ. “ಅಳತೆ ಕೊಡುವಾಗ ಸುಳ್ಳು ಹೇಳದೋರು ಯಾರೂ ಇಲ್ಲ. ಆ ಸುಳ್ಳಿಗೆ ಒಂದಿಂಚು.”

ಪ್ಯಾಂಟು ಅಂಗಡಿಗೆ ಬಂದರೆ ಸಾಕೇ, ಇನ್ನೇನಾದರೂ ಬೇಕೇ ಎಂದು ಕೇಳಿದರೆ ಸೂಜಿಗೆ ದಾರ ಪೋಣಿಸುತ್ತ ಯೋಚಿಸುತ್ತಾರೆ. “ಈ ಪ್ಯಾಂಟು ಬೇರೆ ಮೂಲೇಲಿ ಬೋರ್ಡು ಹಾಕ್ಕೊಂಡು ನೇತಾಡಬಾರದು. ಉಳಿದ ಪ್ಯಾಂಟುಗಳ ಮಧ್ಯ ಇರಬೇಕು. ಅಷ್ಟೇ.”

ಒಂಬತ್ತಕ್ಕೆ ಐದು ನಿಮಿಷವಿದೆ. ಫೋನ್ ರಿಪೇರಿಯವರು ಹೊಟ್ಟೆ ಬಿಟ್ಟು, ಬೆನ್ನು ಒರಗಿಸಿ, ತೊಡೆಯ ಜೇಬಿನಿಂದ ಫೋನು ತೆಗೆಯುತ್ತಾರೆ. ಕ್ಯಾಮೆರಾ ಕ್ಲಿಕ್ಕಿಸುತ್ತದೆ. ಸುಕ್ಕಿಲ್ಲ. ಒಳಬಂದ ಮೇಡಂ ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಾರೆ, ಚಿಕ್ಕದು ಮಾಡಿ ನೋಡುತ್ತಾರೆ.

“ಇನ್ನೂರಕ್ಕೆ ಇವತ್ತೇ ಹೇಳಿಬಿಡ್ತೀನಿ,” ಎನ್ನುತ್ತಾರೆ.

ಟೇಪಕ್ಕ ಕೊರಳ ಟೇಪಿನ ಎರಡೂ ತುದಿ ಹಿಡಿದು ಸರಿಯಾಗಿ ಇಳಿಬಿಡುತ್ತಾರೆ. ಅವರ ಖುಷಿ ಅಷ್ಟರಲ್ಲೇ ತಿಳಿಯುತ್ತದೆ.

“ಈ ಪ್ಯಾಂಟು ಇವರೇ ಇಟ್ಕೊಳ್ಳಲಿ, ಅಂಗಡಿ ಕಡೆಯಿಂದ ಉಡುಗೊರೆ,” ಮೇಡಂ ಉತ್ಸಾಹದಲ್ಲಿದ್ದಾರೆ. “ಒಂದು ಒಳ್ಳೆ ಕವರಲ್ಲಿ ಹಾಕಿಕೊಡಿ ಅಕ್ಕ.”

ಫೋನ್ ರಿಪೇರಿಯವರ ಕೈ ಆಗಲೇ ಪ್ಯಾಂಟಿನ ಜೇಬನ್ನು ನೇವರಿಸುತ್ತಿದೆ.

“ಕೊಡಲ್ಲ ಮೇಡಂ.”

“ಅಕ್ಕ, ಒಂದು ಪ್ಯಾಂಟು ತಾನೇ?”

“ಒಂದೇ ಇರೋದು. ಇದನ್ನ ಬಿಚ್ಚಿ ನೋಡೇ ಇನ್ನೂರು ಕತ್ತರಿಸ್ಬೇಕು. ಕೋಟಿನ ಕತೆ ಸಾಕಾಗ್ಲಿಲ್ವಾ?” ಟೇಪಕ್ಕ ಬೆಡ್‌ಶೀಟು ಕೊಡವಿ, ಫೋನ್ ರಿಪೇರಿಯವರ ಕಡೆ ತಿರುಗುತ್ತಾರೆ. “ಅಂಗಡಿಗೆ ಬಂದಾಗ ಹ್ಯಾಂಗರಿಂದ ನೀವೇ ತಗೊಳ್ಳಿ. ಇದನ್ನ ಮಾತ್ರ ಕೊಡಲ್ಲ. ನಡೀರಿ, ಬಿಚ್ಚಿ.”